ಒಂದು ಯಂತ್ರ, ಹಲವು ಪಾಲು: ಕೊಪ್ಪಳ ಸೀಮೆಯಲ್ಲಿ ಕಂಪ್ಯೂಟರ್ ಹಂಚಿಕೆಯ ಚರಿತ್ರೆ

ಒಂದೇ ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ಆಟದ ಹಲವು ಪ್ರತಿಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಂಡು, ಒಬ್ಬನೇ ಆಟಗಾರ ನಾಲ್ಕೈದು ಪಾತ್ರಗಳನ್ನು ನಡೆಸುವ ರೂಢಿಗೆ ಆಟಗಾರರ ನಡುವೆ ಮಲ್ಟಿಬಾಕ್ಸಿಂಗ್ ಎಂಬ ಹೆಸರಿದೆ. ಇಲ್ಲಿ ಬಾಕ್ಸ್ ಎಂದರೆ ಕಂಪ್ಯೂಟರಿನ ಪೆಟ್ಟಿಗೆ, ಅಂದರೆ ಕರ್ನಾಟಕದ ಸೈಬರ್ ಸೆಂಟರುಗಳಲ್ಲಿ ಎಲ್ಲರೂ ‘ಸಿಪಿಯು’ ಎಂದೇ ಕರೆಯುವ ತಗಡಿನ ಡಬ್ಬಿ. ಆಟದ ಒಂದು ಪ್ರತಿಗೆ ಒಂದು ಪೆಟ್ಟಿಗೆಯೇ ಬೇಕಾಗಿದ್ದ ಕಾಲದಲ್ಲಿ ಐದು ಪಾತ್ರಗಳನ್ನು ಆಡಿಸುವವನು ಐದು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟುಕೊಳ್ಳಬೇಕಾಗಿತ್ತು. ಯಂತ್ರಾಂಶ, ಎಂದರೆ ಕಂಪ್ಯೂಟರಿನ ಕೈಗೆಟಕುವ ಬಿಡಿಭಾಗಗಳ ಸಮೂಹ, ಬಲಗೊಂಡು ಐದೂ ಪ್ರತಿಗಳು ಒಂದೇ ಪೆಟ್ಟಿಗೆಯಲ್ಲಿ ಹಿಡಿಸತೊಡಗಿದ ಮೇಲೂ ಹಳೆಯ ಹೆಸರೇ ಉಳಿದುಕೊಂಡಿತು. ಸ್ವಂತ ಯಂತ್ರವುಳ್ಳವರ ಹವ್ಯಾಸವಾದ ಇದಕ್ಕೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಪಟ್ಟಣಗಳಿಗೂ ಮೇಲುನೋಟಕ್ಕೆ ನಂಟು ಕಾಣುವುದಿಲ್ಲ, ಏಕೆಂದರೆ ಈ ಸೀಮೆಗೆ ಕಂಪ್ಯೂಟರ್ ಬಂದದ್ದೇ ಒಂದು ಯಂತ್ರಕ್ಕೆ ಹಲವು ಹಕ್ಕುದಾರರಿರುವ ರೂಪದಲ್ಲಿ. ಆದರೆ ಯಂತ್ರದ ಕಡೆಯಿಂದ ನೋಡಿದರೆ ಎರಡೂ ಒಂದೇ ಲೆಕ್ಕ: ಇರುವ ನೆನಪಿನ ಕೋಶ (ರ್‍ಯಾಮ್), ಇರುವ ಸಂಸ್ಕಾರಕ (ಪ್ರೊಸೆಸರ್), ಇರುವ ಪರದೆ ಮತ್ತು ಕೀಲಿಮಣೆಯನ್ನು ಹಲವು ಪಾಲುದಾರರಿಗೆ ಹೇಗೆ ಹಂಚುವುದು ಎಂಬ ಲೆಕ್ಕ. ಆ ಹಂಚಿಕೆಯ ಚರಿತ್ರೆಯಲ್ಲಿ ಈ ನಾಲ್ಕು ಪಟ್ಟಣಗಳ ಪಾಲೂ ಇದೆ, ಮತ್ತು ಅದು ಇದುವರೆಗೆ ದೊರೆತಿರುವುದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

ಹಂಚಿಕೆಯ ವಿಚಾರ ಆಟಕ್ಕಿಂತ ಹಳೆಯದು. ಕಂಪ್ಯೂಟರ್ ಒಂದು ಕೋಣೆಯನ್ನೇ ತುಂಬಿಕೊಳ್ಳುತ್ತಿದ್ದ ದಿನಗಳಲ್ಲಿ, 1961ರಲ್ಲಿ, ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಯಂತ್ರದ ಸಮಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ಬಳಕೆದಾರನಿಗೂ ಒಂದೊಂದು ತುಣುಕನ್ನು ಸರದಿಯಂತೆ ಕೊಡುತ್ತ ಹೋದರೆ, ಪ್ರತಿಯೊಬ್ಬನಿಗೂ ಯಂತ್ರವೆಲ್ಲ ತನ್ನದೇ ಎಂದು ತೋರುತ್ತದೆ ಎಂಬುದು ಅದರ ತಿರುಳು. ತುಂಗಭದ್ರಾ ಎಡದಂಡೆ ಕಾಲುವೆಯ ಪಾಳಿಯನ್ನು ಬಲ್ಲ ಗಂಗಾವತಿ ಭಾಗದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಲುವೆ ಒಂದೇ, ತೂಬು ತೆರೆಯುವ ಹೊತ್ತು ಬೇರೆ ಬೇರೆ. 1978ರ ಕೊನೆಯ ತಿಂಗಳುಗಳಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರುಬ್‌ಶಾ ಅಲ್ಲಿನ ಪಿಡಿಪಿ-10 ಯಂತ್ರದಲ್ಲಿ ಮಡ್ ಎಂಬ ಆಟದ ಮೊದಲ ರೂಪವನ್ನು ಬರೆದನು, ಮುಂದೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದನು. ಹಲವರು ಏಕಕಾಲಕ್ಕೆ ಒಂದೇ ಲೋಕದಲ್ಲಿ ಸಂಚರಿಸುವ ಆಟಗಳ ಮೂಲಪುರುಷನೆಂದು ಎಣಿಸಲಾಗುವ ಈ ಆಟದ ಹುಟ್ಟಿನ ಗುಟ್ಟು ಯಂತ್ರಾಂಶದಲ್ಲಿಯೇ ಇತ್ತು. ಆಡುವ ಪ್ರತಿಯೊಬ್ಬನಿಗೂ ಆ ಯಂತ್ರ ಆಟದ ಒಂದೊಂದು ಪ್ರತಿಯನ್ನು ನಡೆಸುತ್ತಿತ್ತು. ಆದರೆ ನೆನಪಿನ ಕೋಶದ ಒಂದು ಭಾಗವನ್ನು ಎಲ್ಲ ಪ್ರತಿಗಳೂ ಹಂಚಿಕೊಳ್ಳಬಹುದು, ಹಂಚಿಕೊಂಡ ಆ ಭಾಗದಲ್ಲಿ ಬರೆಯಲೂಬಹುದು ಎಂಬುದನ್ನು ಟ್ರುಬ್‌ಶಾ ಕಂಡುಕೊಂಡದ್ದರಿಂದ, ಒಂದು ಪ್ರತಿಯಲ್ಲಿ ತೆರೆದ ಬಾಗಿಲು ಇನ್ನೊಂದು ಪ್ರತಿಯಲ್ಲಿಯೂ ತೆರೆದಂತೆ ಕಾಣುವುದು ಸಾಧ್ಯವಾಯಿತು. ಹೀಗೆ ಒಂದೇ ಯಂತ್ರದೊಳಗೆ ಒಂದೇ ಆಟದ ಹಲವು ಪ್ರತಿಗಳು ಎಂಬುದು ಈಚಿನ ಶ್ರೀಮಂತ ಹವ್ಯಾಸಿಗಳ ಕಲ್ಪನೆಯಲ್ಲ. ಮಡ್ ಹುಟ್ಟಿದ್ದೇ ಆ ಸ್ಥಿತಿಯಲ್ಲಿ.

ಭಾರತದ ಸಾಮಾನ್ಯ ಜನರಿಗೆ ಇಂಟರ್ನೆಟ್ ಒದಗಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದಾಗಿ ಎರಡು ವರ್ಷಕ್ಕೆ, 1997ರ ಆಗಸ್ಟ್ 24ರಂದು, ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ಹುಟ್ಟಿತು. ಮೇಲೆ ಹೆಸರಿಸಿದ ನಾಲ್ಕು ಪಟ್ಟಣಗಳೇ ಆಗ ಅದರ ನಾಲ್ಕು ತಾಲ್ಲೂಕು ಕೇಂದ್ರಗಳು. ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳಾದದ್ದು ಬಹಳ ತಡವಾಗಿ. 1956ರವರೆಗೆ ಹೈದರಾಬಾದ್ ರಾಜ್ಯದ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಕಂದಾಯದ ಕಾಗದಪತ್ರವೆಂದರೆ ಗ್ರಾಮಲೆಕ್ಕಿಗನ ವಶದಲ್ಲಿದ್ದ ಕಟ್ಟುಗಳು. ಅವುಗಳನ್ನು ಕಂಪ್ಯೂಟರಿಗೆ ಏರಿಸಬೇಕಾದರೆ ಮೊದಲು ಕಂಪ್ಯೂಟರಿಗೆ ಕನ್ನಡ ಬರಬೇಕಾಗಿತ್ತು, ಮತ್ತು ಆ ಕನ್ನಡವೂ ಆರಂಭದಲ್ಲಿ ಯಂತ್ರಾಂಶದ ರೂಪದಲ್ಲಿಯೇ ಬಂದಿತು: ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಪೆಟ್ಟಿಗೆಯೊಳಗೆ ಸಿಕ್ಕಿಸಿದರೆ ಹಳೆಯ ಡಾಸ್ ಯಂತ್ರಗಳ ಪರದೆಯಲ್ಲಿ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅಕ್ಷರಗಳಿಗಾಗಿಯೇ ಪ್ರತ್ಯೇಕ ಹಲಗೆಯೊಂದನ್ನು ಕೊಳ್ಳಬೇಕಾಗಿದ್ದ ಭಾಷೆಯೊಂದು ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮುಂತಾದ ತಂತ್ರಾಂಶಗಳಿಂದ ಆ ಹಂಗನ್ನು ಕಳೆದುಕೊಂಡದ್ದು ಚಿಕ್ಕ ಸಂಗತಿಯಲ್ಲ.

ನಾಲ್ಕೂ ಪಟ್ಟಣಗಳ ಕೃಷಿಕರು ಕಂಪ್ಯೂಟರನ್ನು ತಮ್ಮ ಸ್ವಂತ ಕೆಲಸಕ್ಕೆ ಎದುರುಗೊಂಡದ್ದು ಬಹುಮಟ್ಟಿಗೆ ತಹಶೀಲ್ದಾರ್ ಕಚೇರಿಯಲ್ಲಿದ್ದ, ರಾಜ್ಯದ ಭೂದಾಖಲೆ ಗಣಕೀಕರಣ ಯೋಜನೆಯಾದ ‘ಭೂಮಿ’ಯ ಕೇಂದ್ರದಲ್ಲಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ತಂತ್ರಾಂಶದಿಂದ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿ ಎಂದರೆ ಹೊಲದ ಹಕ್ಕು, ಗೇಣಿ ಮತ್ತು ಬೆಳೆಯ ವಿವರವುಳ್ಳ ದಾಖಲೆ. ಸಾಲಕ್ಕೂ ಮಾರಾಟಕ್ಕೂ ಜಾಮೀನಿಗೂ ಬೇಕಾಗುವ ಈ ಒಂದು ಹಾಳೆಗೆ 15 ರೂಪಾಯಿ ಶುಲ್ಕವಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿದ್ದರಿಂದ, ಯಂತ್ರವನ್ನು ಒಲ್ಲೆನೆಂದರೂ ಅದರ ಮುಂದೆ ನಿಲ್ಲದೆ ಗತಿಯಿರಲಿಲ್ಲ.

ಭೂಮಿ ಕೇಂದ್ರದ ಯಂತ್ರಾಂಶದಲ್ಲಿ ಒಂದು ಏರ್ಪಾಡು ವಿಶೇಷ ಗಮನ ಬೇಡುತ್ತದೆ. ಒಂದೇ ಕಂಪ್ಯೂಟರಿಗೆ ಎರಡು ಪರದೆಗಳನ್ನು ಜೋಡಿಸಿ, ಒಂದನ್ನು ಸಿಬ್ಬಂದಿಯ ಕಡೆಗೂ ಇನ್ನೊಂದನ್ನು ಕಿಟಕಿಯಾಚೆ ನಿಂತ ರೈತನ ಕಡೆಗೂ ತಿರುಗಿಸಿಡಲಾಗುತ್ತಿತ್ತು. ಸಿಬ್ಬಂದಿ ಏನು ಟೈಪು ಮಾಡುತ್ತಾನೋ ಅದು ರೈತನಿಗೂ ಅದೇ ಕ್ಷಣದಲ್ಲಿ ಕಾಣುತ್ತಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟು ಹಾಕಿತ್ತು, ಕೆಲಸ ಮಾಡಿದವನು ಯಾರೆಂದು ತಿಳಿಯಲು ಬೆರಳಚ್ಚಿನ ಗುರುತು ಇತ್ತು. ಓದು ಬಾರದ ರೈತನಿಗೆ ಎರಡನೆಯ ಪರದೆಯಿಂದ ಏನು ಲಾಭ ಎಂದು ಕೇಳಬಹುದು. ಆದರೆ ಪಕ್ಕದಲ್ಲಿ ನಿಂತ ಮಗನೋ ಊರಿನವನೋ ಸರ್ವೆ ನಂಬರನ್ನು ಓದಿ ಹೇಳಬಲ್ಲವನಾಗಿದ್ದನು, ಮತ್ತು ತಲೆಮಾರುಗಳಿಂದ ಕಟ್ಟಿನೊಳಗೆ ಮುಚ್ಚಿಕೊಂಡಿದ್ದ ಬರಹವೊಂದು ಬರೆಯುವಾಗಲೇ ಕಾಣಸಿಗುವುದು ಕಂದಾಯ ಇಲಾಖೆಯ ಚರಿತ್ರೆಯಲ್ಲಿ ಹೊಸ ಮಾತು. ಒಂದು ಯಂತ್ರದ ಎರಡನೆಯ ಪರದೆಗೆ ಇದಕ್ಕಿಂತ ಘನವಾದ ಉಪಯೋಗವನ್ನು ಯಾವ ಆಟಗಾರನೂ ಕಂಡುಹಿಡಿದಿಲ್ಲ.

ಹಂಚಿಕೆಗೆಂದೇ ರೂಪುಗೊಂಡ ಇನ್ನೊಂದು ಕನ್ನಡನಾಡಿನ ಯಂತ್ರ ಬೆಂಗಳೂರಿನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ವಿನ್ಯಾಸಗೊಳಿಸಿದ ಈ ಅಂಗೈಯಗಲದ ಸಾಧನವನ್ನು ಊರಿಗೊಂದರಂತೆ ಇಟ್ಟು, ಪ್ರತಿಯೊಬ್ಬರೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ತೂರಿಸಿದಾಗ ಅದು ಅವರದೇ ಯಂತ್ರವಾಗಬೇಕು ಎಂಬುದು ಅದರ ಹಿಂದಿನ ಆಲೋಚನೆ. ಅದು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆಲೋಚನೆ ಮಾತ್ರ ಕಾಲಕ್ಕಿಂತ ಮುಂದಿತ್ತು.

ಶಾಲೆಗಳಲ್ಲಿ ಹಂಚಿಕೆ ಇನ್ನಷ್ಟು ಬಿಗಿಯಾಗಿತ್ತು. 2001ರ ಆಸುಪಾಸಿನಲ್ಲಿ ಮಾಹಿತಿ ಸಿಂಧು ಯೋಜನೆಯಡಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂದಾಗ ಒಂದು ಕೀಲಿಮಣೆಯ ಮುಂದೆ ಹಲವು ಮಕ್ಕಳು ಒತ್ತಿ ಕೂರುವುದು ಸಾಮಾನ್ಯ ನೋಟವಾಯಿತು. ಇದಕ್ಕೆ ಯಂತ್ರಾಂಶದ ಉತ್ತರವೊಂದು ನೆರೆಯ ಆಂಧ್ರಪ್ರದೇಶದಲ್ಲಿ 2008ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತು. ಅಲ್ಲಿನ ಸಾವಿರಾರು ಶಾಲೆಗಳಿಗೆ ಎನ್‌ಕಂಪ್ಯೂಟಿಂಗ್ ಕಂಪನಿಯ ಪುಟ್ಟ ಸಾಧನಗಳನ್ನು ತರಿಸಿ, ಒಂದು ಪೆಟ್ಟಿಗೆಗೆ ಹಲವು ಪರದೆ, ಹಲವು ಕೀಲಿಮಣೆ, ಹಲವು ಮೌಸ್‌ಗಳನ್ನು ಜೋಡಿಸಿ, ಒಂದೇ ಸಂಸ್ಕಾರಕವನ್ನು ಒಂದು ಸಾಲಿನ ಮಕ್ಕಳಿಗೆಲ್ಲ ಹಂಚಲಾಯಿತು. ಸಾಮಾನ್ಯ ಮೇಜುಗಣಕದ ಸಂಸ್ಕಾರಕ ಹೆಚ್ಚಿನ ಹೊತ್ತು ಸುಮ್ಮನೇ ಕುಳಿತಿರುತ್ತದೆ, ಆ ಬಿಡುವನ್ನೇ ಪಾಲು ಮಾಡಬಹುದು ಎಂಬ ತಿಳಿವಳಿಕೆ ಈ ಏರ್ಪಾಡಿನ ತಳಹದಿ. ಆದರೆ ಅಕ್ಷರ ಟೈಪು ಮಾಡುವ ಹತ್ತು ಮಕ್ಕಳನ್ನು ಹೊರಬಲ್ಲ ಯಂತ್ರ, ಅದೇ ಹತ್ತು ಮಕ್ಕಳು ಚಲಿಸುವ ಚಿತ್ರವಿರುವ ಆಟ ತೆರೆದ ಕೂಡಲೇ ಏದುಸಿರು ಬಿಡುತ್ತದೆ.

ಹಂಚಿಕೆಯ ಯಂತ್ರ ಆಟದ ಯಂತ್ರವೂ ಆದದ್ದು ಸೈಬರ್ ಸೆಂಟರುಗಳಲ್ಲಿ. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಇಂಟರ್ನೆಟ್ ಸೇವೆ ನೀಡಲು ಅವಕಾಶ ದೊರೆತ ಮೇಲೆ ಈ ಕಸುಬು ಮಹಾನಗರಗಳಿಂದ ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೆ ಇಳಿಯಿತು. ಬಸ್ ನಿಲ್ದಾಣದ ಎದುರು ಅಥವಾ ಕಾಲೇಜಿನ ರಸ್ತೆಯಲ್ಲಿ ಒಂದು ಮಳಿಗೆ, ಪ್ಲೈವುಡ್ ತಡಿಕೆಗಳಿಂದ ಬೇರ್ಪಡಿಸಿದ ನಾಲ್ಕಾರು ಗೂಡುಗಳು, ಗೂಡಿಗೊಂದು ಸಿಸ್ಟಂ, ಬಾಗಿಲ ಬಳಿ ಮಾಲೀಕನ ಕೌಂಟರು, ಪಕ್ಕದಲ್ಲಿ ಜೆರಾಕ್ಸ್ ಯಂತ್ರ: ಇಂಥ ಅಂಗಡಿಗಳಲ್ಲಿಯೇ ಒಂದು ತಲೆಮಾರು ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿತು, ಸಿಇಟಿ ಅರ್ಜಿ ತುಂಬಿತು, ಮೊದಲ ಇ-ಮೇಲ್ ವಿಳಾಸ ಪಡೆಯಿತು. ದೂರವಾಣಿ ತಂತಿಯ ಡಯಲ್-ಅಪ್ ಸಂಪರ್ಕದ ಕಾಲದಲ್ಲಿ ಒಂದೇ ತಂತಿಯನ್ನು ಐದಾರು ಸಿಸ್ಟಂಗಳು ಹಂಚಿಕೊಂಡು ಪುಟವೊಂದು ಮೂಡಲು ಕಾಯುತ್ತ ಕೂರಬೇಕಾಗಿತ್ತು; 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭವಾದ ಮೇಲೆಯೇ ಈ ಸಂಕಟ ನೀಗುತ್ತ ಬಂದಿತು.

ಹೊರಗಿನ ತಂತಿ ನಿಧಾನವಾಗಿದ್ದರೂ ಒಳಗಿನ ತಂತಿ ನಿಧಾನವಾಗಿರಲಿಲ್ಲ. ಒಂದೇ ಕೋಣೆಯ ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವ ಲ್ಯಾನ್ ಎಂಬ ಏರ್ಪಾಡಿನಲ್ಲಿ ಇಂಟರ್ನೆಟ್ಟಿನ ಹಂಗಿಲ್ಲದೆ ಕೌಂಟರ್-ಸ್ಟ್ರೈಕ್, ಏಜ್ ಆಫ್ ಎಂಪೈರ್ಸ್‌ನಂಥ ಆಟಗಳನ್ನು ನಾಲ್ಕಾರು ಜನ ಸೇರಿ ಆಡಬಹುದಾಗಿತ್ತು. ಅಲ್ಲಿ ಪ್ರತಿ ಸಿಸ್ಟಮಿನಲ್ಲಿ ಆಟದ ಒಂದು ಪ್ರತಿ ಓಡುತ್ತಿತ್ತು, ಯಾವುದಾದರೊಂದು ಸಿಸ್ಟಂ ಉಳಿದವೆಲ್ಲಕ್ಕೂ ಸರ್ವರ್ ಆಗಬೇಕಾಗಿತ್ತು, ಅಂದರೆ ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಗುಲಿತು ಎಂಬ ಪಂಚಾಯಿತಿ ನಡೆಸಬೇಕಾಗಿತ್ತು. ಕೌಂಟರಿನ ಸಿಸ್ಟಂ ಆ ಹೊಣೆಯನ್ನು ಹೊತ್ತು, ಜೊತೆಗೆ ತಾನೂ ಒಂದು ಪ್ರತಿಯನ್ನು ನಡೆಸಿದರೆ, ಒಂದು ಪೆಟ್ಟಿಗೆಯಲ್ಲಿ ಆಟದ ಎರಡು ಕೆಲಸಗಳು ಏಕಕಾಲಕ್ಕೆ ನಡೆದಂತಾಗುತ್ತಿತ್ತು. ಅದಕ್ಕಾಗಿಯೇ ಕೌಂಟರಿನ ಪೆಟ್ಟಿಗೆಗೆ ಇನ್ನೊಂದು ರ್‍ಯಾಮ್ ಪಟ್ಟಿ ಸೇರಿಸುವುದು ಈ ಕಸುಬಿನ ಸಹಜ ವಿವೇಕವಾಗಿತ್ತು.

ಈ ಕಸುಬಿಗೆ ಎರಡು ಶತ್ರುಗಳಿದ್ದವು: ಕರೆಂಟು ಮತ್ತು ಧೂಳು. ಮುನಿರಾಬಾದಿನ ಜಲವಿದ್ಯುತ್ ಕೇಂದ್ರ ಇದೇ ಜಿಲ್ಲೆಯಲ್ಲಿದ್ದರೂ ಬೇಸಿಗೆಯ ವಿದ್ಯುತ್ ಕಡಿತದಿಂದ ಜಿಲ್ಲೆ ಹೊರತಾಗಿರಲಿಲ್ಲ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳು ಚಪ್ಪಟೆ ಪರದೆಗಿಂತ ಮೂರ್ನಾಲ್ಕು ಪಟ್ಟು ವಿದ್ಯುತ್ ನುಂಗುತ್ತಿದ್ದುದರಿಂದ ಯುಪಿಎಸ್ ಬ್ಯಾಟರಿ ಬೇಗ ಬರಿದಾಗಿ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಸ್ಕಾರಕದ ಮೇಲಿನ ಶಾಖ ಕಳೆಯುವ ಲೋಹದ ರೆಕ್ಕೆಗಳ ನಡುವೆ ಧೂಳು ಕುಳಿತರೆ ಯಂತ್ರ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಇಲ್ಲವೇ ನಂದಿಹೋಗುತ್ತದೆ. ಬಿಸಿಲು ಬಿರುಸಾದ ಈ ಒಣಸೀಮೆಯಲ್ಲಿ, ಅದರಲ್ಲೂ ಅಕ್ಕಿ ಗಿರಣಿಗಳ ಹೊಟ್ಟು ಹಾರಾಡುವ ಗಂಗಾವತಿಯಂಥ ಊರಿನಲ್ಲಿ, ತಿಂಗಳಿಗೊಮ್ಮೆ ಡಬ್ಬಿಯ ಬದಿ ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆಯುವುದು ಯಾವ ದುಬಾರಿ ಬಿಡಿಭಾಗಕ್ಕಿಂತಲೂ ಹೆಚ್ಚು ಫಲ ಕೊಡುವ ಕೆಲಸ.

ಸರ್ಕಾರವೂ ಈ ಗೂಡುಗಳತ್ತ ಕಣ್ಣು ಹಾಯಿಸಿತು. 2011ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೈಬರ್ ಕೆಫೆ ನಿಯಮಗಳು ಗೂಡಿನ ತಡಿಕೆ ನೆಲದಿಂದ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದೆಂದೂ, ಗೂಡಿನೊಳಗಿಲ್ಲದ ಕಂಪ್ಯೂಟರುಗಳ ಪರದೆ ಹೊರಮುಖವಾಗಿ, ಎಲ್ಲರಿಗೂ ಕಾಣುವ ಜಾಗದ ಕಡೆಗೆ ತಿರುಗಿರಬೇಕೆಂದೂ, ಬಂದವರ ಗುರುತುಚೀಟಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆದುಕೊಂಡು ಒಂದು ವರ್ಷ ಕಾಯ್ದಿಡಬೇಕೆಂದೂ ವಿಧಿಸಿದವು. ಭೂಮಿ ಕೇಂದ್ರದಲ್ಲಿ ಪರದೆ ಹೊರಮುಖವಾದದ್ದು ಪ್ರಜೆಯು ಸರ್ಕಾರದ ಕೆಲಸವನ್ನು ನೋಡಲೆಂದು. ಸೈಬರ್ ಸೆಂಟರಿನಲ್ಲಿ ಅದು ಹೊರಮುಖವಾದದ್ದು ಪ್ರಜೆಯ ಕೆಲಸವನ್ನು ಉಳಿದವರು ನೋಡಲೆಂದು. ಹತ್ತೇ ವರ್ಷಗಳ ಅಂತರದಲ್ಲಿ ಒಂದೇ ಪಟ್ಟಣದಲ್ಲಿ ನಡೆದ ಈ ಎರಡು ತಿರುವುಗಳನ್ನು ಒಟ್ಟಿಗಿಟ್ಟು ಓದದೆ ಈ ಸೀಮೆಯ ಕಂಪ್ಯೂಟರಿನ ಚರಿತ್ರೆ ಪೂರ್ಣವಾಗುವುದಿಲ್ಲ.

ಇಷ್ಟರಲ್ಲಿ ಒಂದು ಪೆಟ್ಟಿಗೆಯಲ್ಲಿ ಹಲವು ಪ್ರತಿಗಳನ್ನು ನಡೆಸುವ ಯಂತ್ರಾಂಶ ಲೋಕದಲ್ಲಿ ಬಲಿಯುತ್ತಿತ್ತು. ಅದರ ಮೊದಲ ಅಡಚಣೆ ನೆನಪಿನ ಕೋಶ, ಅಂದರೆ ರ್‍ಯಾಮ್. 2004ರ ನವೆಂಬರಿನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ ಕನಿಷ್ಠ 256 ಎಂಬಿ ರ್‍ಯಾಮ್ ಕೇಳುತ್ತಿತ್ತು. ಆ ಕಾಲದ ಸಾಮಾನ್ಯ ಪೆಟ್ಟಿಗೆಯಲ್ಲಿ 256 ಅಥವಾ 512 ಎಂಬಿ ಇದ್ದುದರಿಂದ ಎರಡನೆಯ ಪ್ರತಿ ತೆರೆಯುವುದೆಂದರೆ ಹಾರ್ಡ್ ಡಿಸ್ಕನ್ನೇ ನೆನಪಿನಂತೆ ಬಳಸುವ ಕುಂಟು ನಡಿಗೆಗೆ ಇಳಿಯುವುದಾಗಿತ್ತು. ಎರಡು ಪ್ರತಿಗಳು ಆಟದ ಆದೇಶಗಳ ಭಾಗವನ್ನು ಹಂಚಿಕೊಳ್ಳಬಹುದಾದರೂ, ಭೂಪಟ, ಚಿತ್ರ, ಪಾತ್ರಗಳ ಸ್ಥಿತಿಗತಿಗಳನ್ನು ಪ್ರತಿಯೊಂದೂ ತನ್ನ ಪಾಲಿಗೆ ಬೇರೆಯಾಗಿಯೇ ತುಂಬಿಕೊಳ್ಳುತ್ತದೆ. 32 ಬಿಟ್ಟಿನ ಯಂತ್ರ ಎಣಿಸಬಲ್ಲ ನೆನಪಿನ ಮನೆಗಳು 4,29,49,67,296, ಅಂದರೆ 4 ಜಿಬಿ. ಅದಕ್ಕಿಂತ ಹೆಚ್ಚು ರ್‍ಯಾಮ್ ಹಾಕಿದರೂ 32 ಬಿಟ್ಟಿನ ಸಾಮಾನ್ಯ ವಿಂಡೋಸ್ ಅದನ್ನು ಬಳಸಲಾರದು. 2003ರಲ್ಲಿ ಎಎಂಡಿಯ ಅಥ್ಲಾನ್ 64 ಸಂಸ್ಕಾರಕ 64 ಬಿಟ್ಟಿನ ದಾರಿಯನ್ನು ಮನೆಬಳಕೆಯ ಕಂಪ್ಯೂಟರಿಗೆ ತೆರೆದದ್ದೂ, 2005ರಲ್ಲಿ ಪೆಂಟಿಯಂ ಡಿ ಮತ್ತು ಅಥ್ಲಾನ್ 64 ಎಕ್ಸ್2 ಬಂದು ಒಂದೇ ಚಿಪ್ಪಿನಲ್ಲಿ ಎರಡು ತಿರುಳುಗಳು (ಕೋರ್‌ಗಳು) ಸೇರಿದ್ದೂ ಈ ಚರಿತ್ರೆಯ ದೊಡ್ಡ ತಿರುವುಗಳು. ಪಾಳಿಯ ನೀರಿಗೆ ಎರಡನೆಯ ಕಾಲುವೆ ತೋಡಿದಂತೆ, ಒಂದು ಪ್ರತಿಯನ್ನು ಒಂದು ತಿರುಳಿಗೂ ಇನ್ನೊಂದನ್ನು ಇನ್ನೊಂದಕ್ಕೂ ಕಟ್ಟಿಹಾಕುವುದು ಅಲ್ಲಿಂದ ಸಾಧ್ಯವಾಯಿತು.

ಆಮೇಲಿನ ಅಡಚಣೆಗಳು ಒಂದರ ಹಿಂದೊಂದು ಬಂದವು. ನಾಲ್ಕು ಪ್ರತಿಗಳು ಒಮ್ಮೆಲೇ ಹೊಸ ಸೀಮೆಗೆ ಕಾಲಿಟ್ಟರೆ ಹಾರ್ಡ್ ಡಿಸ್ಕಿನ ಒಂದೇ ಓದುಮುಳ್ಳು ನಾಲ್ಕು ಕಡೆಗೂ ಓಡಾಡಬೇಕಾಗುತ್ತಿತ್ತು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಬಂದ ಮೇಲೆ ಆ ತೊಡಕು ನೀಗಿತು. ಗ್ರಾಫಿಕ್ಸ್ ಕಾರ್ಡಿನ ಸ್ವಂತ ನೆನಪನ್ನೂ ಪ್ರತಿಗಳು ಪಾಲು ಮಾಡಿಕೊಳ್ಳಬೇಕಾದುದರಿಂದ, ಅನುಭವಿಗಳು ಮುಂದಿರುವ ಪ್ರತಿಗೆ ಪೂರ್ಣ ಮೆರುಗು ಕೊಟ್ಟು ಹಿಂದಿನವುಗಳ ಚಿತ್ರದ ಗಾತ್ರವನ್ನೂ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನೂ ತಗ್ಗಿಸಿಡುತ್ತಾರೆ. ಕಾಲುವೆಯ ಮೇಲ್ಭಾಗದ ಹೊಲಕ್ಕೆ ನೀರು ತುಂಬಿ ಹರಿದು ಕೊನೆಭಾಗದ ಹೊಲಕ್ಕೆ ತೆಳ್ಳಗೆ ತಲುಪುವುದನ್ನು ಇದು ನೆನಪಿಸುತ್ತದೆ. ಕೀಲಿಮಣೆಯ ವಿಷಯ ಬೇರೆಯೇ ಆಗಿತ್ತು. ಒಂದು ಕೀಲಿಮಣೆ, ಒಂದು ಪರದೆ, ಒಂದು ಮೌಸನ್ನು ಹಲವು ಪೆಟ್ಟಿಗೆಗಳ ನಡುವೆ ತಿರುಗಿಸುವ ಕೆವಿಎಂ ಸ್ವಿಚ್ ಮೊದಲಿನ ಪರಿಹಾರ. ಒಂದು ಒತ್ತನ್ನು ಎಲ್ಲ ಪ್ರತಿಗಳಿಗೂ ಒಮ್ಮೆಲೇ ಸಾರುವ ತಂತ್ರಾಂಶ ನಂತರದ್ದು. ಒಬ್ಬನ ಒಂದು ಬೆರಳು ಹತ್ತು ಪಾತ್ರಗಳನ್ನು ಆಡಿಸುವುದು ಉಳಿದ ಆಟಗಾರರಿಗೆ ಅನ್ಯಾಯವೆಂಬ ದೂರು ಬೆಳೆದು, ಈವ್ ಆನ್‌ಲೈನ್ ಆಟದವರು 2015ರ ಜನವರಿ 1ರಿಂದಲೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದವರು 2020ರ ನವೆಂಬರಿನಿಂದಲೂ ಹೀಗೆ ಸಾರುವುದನ್ನು ನಿಷೇಧಿಸಿದರು. ಹಲವು ಪ್ರತಿಗಳನ್ನು ತೆರೆಯುವುದು ತಪ್ಪಲ್ಲ, ಒಂದೇ ಒತ್ತಿನಿಂದ ಎಲ್ಲವನ್ನೂ ಆಡಿಸುವುದು ತಪ್ಪು ಎಂಬ ಆ ಗೆರೆ ನ್ಯಾಯವಾದದ್ದೇ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾದಾಗ ಆಟ ಸೈಬರ್ ಸೆಂಟರಿನ ಗೂಡಿನಿಂದ ಅಂಗೈಗೆ ಹಾರಿತು. ಪಬ್‌ಜಿ ಮೊಬೈಲ್ ಬಂದದ್ದು, 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ನಿಷೇಧ ಬಿದ್ದದ್ದು, ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ಅದು ಮರಳಿದ್ದು ಎಲ್ಲರೂ ಬಲ್ಲ ಸಂಗತಿ. ಹಲವು ಪ್ರತಿಗಳ ಆಟವೂ ಈ ಹೊಸ ಕಾಲಕ್ಕೆ ಹೊಂದಿಕೊಂಡಿತು: ಕಂಪ್ಯೂಟರಿನೊಳಗೆ ಫೋನಿನ ಸೋಗು ಹಾಕುವ ಎಮ್ಯುಲೇಟರ್ ತಂತ್ರಾಂಶಗಳು ಒಂದೇ ಪೆಟ್ಟಿಗೆಯಲ್ಲಿ ನಾಲ್ಕಾರು ಸೋಗಿನ ಫೋನುಗಳನ್ನು ತೆರೆದು, ಪ್ರತಿಯೊಂದಕ್ಕೂ ಇಷ್ಟು ತಿರುಳು, ಇಷ್ಟು ರ್‍ಯಾಮ್ ಎಂದು ಅಳೆದು ಕೊಡುತ್ತವೆ. ಇಂಟೆಲ್ ಸಂಸ್ಕಾರಕಗಳಲ್ಲಿ 2005ರ ಕೊನೆಗೂ ಎಎಂಡಿಯವುಗಳಲ್ಲಿ 2006ರಲ್ಲೂ ಸೇರಿದ, ಯಂತ್ರದೊಳಗೆ ಯಂತ್ರವನ್ನು ನಡೆಸುವ ಸೌಲಭ್ಯವೇ ಇದಕ್ಕೆ ಆಧಾರ. ಹಳೆಯ ಪೆಟ್ಟಿಗೆಗಳಲ್ಲಿ ಬಯೋಸ್ ಎಂಬ ಮೂಲ ಸಜ್ಜಿಕೆಯೊಳಗೆ ಹೊಕ್ಕು ಆ ಸೌಲಭ್ಯವನ್ನು ಚಾಲೂ ಮಾಡದಿದ್ದರೆ ಎಷ್ಟು ರ್‍ಯಾಮ್ ಹಾಕಿದರೂ ಎಮ್ಯುಲೇಟರ್ ತೆವಳುತ್ತದೆ ಎಂಬುದನ್ನು ರಿಪೇರಿ ಅಂಗಡಿಯವರು ಬಲ್ಲರು.

ಗೂಡುಗಳು ತೆರವಾದಂತೆ ಸೈಬರ್ ಸೆಂಟರುಗಳು ಅರ್ಜಿ ತುಂಬುವ, ಆಧಾರ್ ಜೋಡಿಸುವ, ಸೇವಾ ಸಿಂಧು ಎಂಬ ಸರ್ಕಾರಿ ಜಾಲತಾಣದಿಂದ ಪ್ರಮಾಣಪತ್ರ ತೆಗೆದುಕೊಡುವ ಅಂಗಡಿಗಳಾಗಿ ಮಾರ್ಪಟ್ಟಿವೆ. ಹಳೆಯ ಪೆಟ್ಟಿಗೆಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ, ಇ-ತ್ಯಾಜ್ಯಕ್ಕೆ 2012ರಿಂದಲೇ ನಿಯಮಗಳಿದ್ದರೂ. ಇದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ತಯಾರಿಕೆಯ ಸಂಕೀರ್ಣಕ್ಕೆ ಅಡಿಗಲ್ಲು ಬಿದ್ದಿದೆ. ಆಟದ ಸಾಮಗ್ರಿಯನ್ನು ಗೌರವದಿಂದ ಕಾಣುವ ಇಂಥ ಜಿಲ್ಲೆಯಲ್ಲಿ, ಒಂದು ತಲೆಮಾರಿಗೆ ಲೋಕವನ್ನು ತೋರಿದ ಹಂಚಿಕೆಯ ಯಂತ್ರಗಳಲ್ಲಿ ಒಂದಾದರೂ ಉಳಿಯಬೇಕು. ಕೊಪ್ಪಳ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳು ನಾಲ್ಕೂ ಪಟ್ಟಣಗಳ ಹಳೆಯ ಸೈಬರ್ ಸೆಂಟರ್ ಮಾಲೀಕರನ್ನು ಕಂಡು, ಗಂಟೆಯ ದರಪಟ್ಟಿ, ಯಂತ್ರ ಕೊಂಡ ರಶೀದಿ, ಪ್ಲೈವುಡ್ ಗೂಡಿನ ಒಂದು ಫೋಟೋ, ಭೂಮಿ ಕೇಂದ್ರದ ಆ ಎರಡನೆಯ ಪರದೆಯ ನೆನಪುಗಳನ್ನು ಈಗಲೇ ಸಂಗ್ರಹಿಸಬೇಕು. ಅಂಗಡಿಯ ದಾಖಲೆ ಪುಸ್ತಕಗಳನ್ನು ಕಾಯ್ದಿಡಬೇಕೆಂದು ನಿಯಮ ಹೇಳಿದ ಕನಿಷ್ಠ ಅವಧಿ ಒಂದೇ ವರ್ಷ, ಮತ್ತು ಆ ಅವಧಿ ಮುಗಿದು ಬಹಳ ಕಾಲವಾಗಿದೆ.